ಉಡುಪಿ, ಕುಂದಾಪುರಕ್ಕೆ ಹೂವು ಕಳಿಸುವವರಿಗೆ

ಊರಲ್ಲಿರುವ ಅಮ್ಮನಿಗೆ, ಅತ್ತೆಗೆ ಆನ್‌ಲೈನ್‌ನಲ್ಲಿ ಹೂವು ಬುಕ್ ಮಾಡುವವರು ಒಮ್ಮೆ ಇದನ್ನು ಓದಿ.

ಫೋಟೋದಲ್ಲಿ ಕಾಣುವ ಗುಲಾಬಿ, ಜರ್ಬೆರಾ ಹೆಚ್ಚಾಗಿ ಘಟ್ಟದ ಮೇಲಿಂದ ಬರಬೇಕು. ಕರಾವಳಿಯ ಸೆಕೆಗೆ ಬೇಗ ಬಾಡುತ್ತವೆ. ಅದರ ಬದಲು ಶಂಕರಪುರ ಮಲ್ಲಿಗೆ ಕಳಿಸಿ ನೋಡಿ. ಜಿಐ (ಊರಿನ ವಿಶೇಷ ಬೆಳೆಗೆ ಸಿಗುವ ಭೌಗೋಳಿಕ ಗುರುತು) ಮಾನ್ಯತೆ ಇರುವ ಉಡುಪಿ ಮಲ್ಲಿಗೆ ಅಂದರೆ ಇದೇ. ಅಲ್ಲೇ ಬೆಳೆದದ್ದು, ಬಾಳೆ ನಾರಲ್ಲಿ ಕಟ್ಟಿದ್ದು. ಬಾಳೆಎಲೆ ಬಿಚ್ಚಿದ ಕೂಡಲೇ ಮನೆಯೆಲ್ಲ ಘಮ್ ಅನ್ನುತ್ತದೆ. ದೇವರಿಗೂ ಆಯಿತು, ಮುಡಿಗೂ ಆಯಿತು. ದೊಡ್ಡ ಆ್ಯಪ್‌ಗಳಲ್ಲಿ ಸಿಗದಿದ್ದರೆ ಊರಿನ ಹೂವಿನ ಅಂಗಡಿಗೇ ಫೋನ್ ಮಾಡಿ ಯುಪಿಐ ಮಾಡಿ.

ಈ ಮಲ್ಲಿಗೆಯ ಲೆಕ್ಕ ಮೊಳದಲ್ಲಲ್ಲ, ಚೆಂಡು (ಕಟ್ಟಿದ ಹೂವಿನ ಉಂಡೆ) ಮತ್ತು ಅಟ್ಟೆಯಲ್ಲಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮನೆಗೆ ಒಂದು ಚೆಂಡು ಸಾಕು. ದರ ದಿನವೂ ಬದಲಾಗುತ್ತದೆ. ಮದುವೆ ಸೀಸನ್, ಹಬ್ಬದಲ್ಲಿ ಜಾಸ್ತಿ. ಮಳೆಗಾಲದಲ್ಲಿ ಹೂವೇ ಕಮ್ಮಿ, ಹಾಗಾಗಿ ಹಿಂದಿನ ದಿನವೇ ಕೇಳಿಡಿ.

ಸೀರೆ, ಡ್ರೈಫ್ರೂಟ್ಸ್ ಥರದ ಗಿಫ್ಟ್ ಹೂವಿನ ಜೊತೆ ಬೇಡ, ವಾರ ಮೊದಲೇ ಕೊರಿಯರ್ ಮಾಡಿ. ಜೂನ್, ಜುಲೈನಲ್ಲಾದರೆ ಪ್ಲಾಸ್ಟಿಕ್ ಕವರ್ ಹಾಕಿಸಲೇಬೇಕು.

ವಿಳಾಸದ್ದೇ ದೊಡ್ಡ ಸಮಸ್ಯೆ. ಹಳ್ಳಿ ಕಡೆ ಡೋರ್ ನಂಬರ್ ನೋಡಿ ಮನೆ ಹುಡುಕುವುದು ಕಷ್ಟ. ಮನೆಯ ಹೆಸರು, ಹತ್ತಿರದ ದೇವಸ್ಥಾನ ಅಥವಾ ಬಸ್ ಸ್ಟಾಪ್ ಬರೆಯಿರಿ. ಫೋನ್ ನಂಬರ್ ನಿಮ್ಮದಲ್ಲ, ಮನೆಯಲ್ಲಿ ಇರುವವರದ್ದು ಕೊಡಿ. ವಿದೇಶದಲ್ಲಿರುವವರು ಇದನ್ನಂತೂ ಮರೆಯಬೇಡಿ. ಅಲ್ಲಿ ರಾತ್ರಿ ನಿಮ್ಮ ಫೋನ್ ಯಾರು ಎತ್ತುತ್ತಾರೆ, ಅಲ್ವಾ?