ಕೈ ಕೀಲುನೋವಿಗೆ ನರ ಕತ್ತರಿಸುವ ಆಪರೇಷನ್: ಒಪ್ಪಿಕೊಳ್ಳುವ ಮೊದಲು ಪರೀಕ್ಷೆ ಹೀಗೆ ಮಾಡಿ

ಕಾಫಿ ಕೊಯ್ಲು ಶುರುವಾಗಿ ಮೂರು ವಾರ ಆಗಿರಲಿಲ್ಲ, ನಮ್ಮತ್ತೆ ಹೆಬ್ಬೆರಳಿನ ಬುಡ ಹಿಡಿದುಕೊಂಡು ಕೂತುಬಿಟ್ಟರು. ಹಣ್ಣು ಬಿಡಿಸೋದಿರಲಿ, ನೂಲ್‌ಪುಟ್ಟು ಒತ್ತೋಕೂ ಆಗ್ತಿರಲಿಲ್ಲ. ಮೈಸೂರಿನಲ್ಲಿ ಡಾಕ್ಟರು ನರ ಕತ್ತರಿಸುವ ವಿಷಯ ಎತ್ತಿದಾಗ ಅತ್ತೆ ಕೇಳಿದ್ದು ಒಂದೇ, "ಆಮೇಲೆ ಕೈ ಆಡುತ್ತಾ?"

ಆಡುತ್ತದೆ. ಬೆರಳು ಆಡಿಸುವ ನರಗಳನ್ನು ಮುಟ್ಟುವುದಿಲ್ಲ. ಸವೆದ ಕೀಲಿನಿಂದ ನೋವನ್ನು ಹೊತ್ತೊಯ್ಯುವ ಸಣ್ಣ ಎಳೆಗಳನ್ನು ಮಾತ್ರ ಹುಡುಕಿ ಕತ್ತರಿಸುತ್ತಾರೆ. ಮಣಿಕಟ್ಟಿಗೆ ಈ ವಿಧಾನವನ್ನು ಜರ್ಮನಿಯ ವಿಲ್ಹೆಲ್ಮ್ ಎಂಬ ಸರ್ಜನ್ 1966ರಲ್ಲೇ ಬರೆದಿಟ್ಟಿದ್ದರು. ಆದರೆ ಸವೆತ ಇದರಿಂದ ನಿಲ್ಲುವುದಿಲ್ಲ, ಸೊಟ್ಟಗಾದ ಬೆರಳು ನೆಟ್ಟಗೂ ಆಗುವುದಿಲ್ಲ.

ಮೊದಲು ನಿಮ್ಮದು ಯಾವ ಸಂಧಿವಾತ ಅಂತ ಗೊತ್ತಾಗಲಿ. ಎರಡೂ ಕೈ ಬೆರಳು ಊದಿ, ಬೆಳಿಗ್ಗೆ ಎದ್ದು ಗಂಟೆಯಾದರೂ ಬಿಗಿತ ಬಿಡದಿದ್ದರೆ ಅದು ರುಮಟಾಯ್ಡ್ ಇರಬಹುದು, ಅಂದರೆ ಮೈಯ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ಬೀಳುವ ಸಂಧಿವಾತ. ಅದಕ್ಕೆ ರಕ್ತಪರೀಕ್ಷೆ, ದಿನಾ ಅಥವಾ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ ಮೊದಲು, ಕತ್ತರಿ ಅಲ್ಲ. ಸವೆತದ ನೋವಾದರೂ ಅಷ್ಟೇ. ಹೆಬ್ಬೆರಳಿನ ಪಟ್ಟಿ, ಮುಲಾಮು, ಕೀಲಿಗೆ ಸ್ಟಿರಾಯ್ಡ್ ಸೂಜಿ, ಇವನ್ನೆಲ್ಲ ಸರಿಯಾಗಿ ಕೆಲವು ತಿಂಗಳು ನೋಡಿ. ಎಕ್ಸ್‌ರೇ ಮಡಿಕೇರಿಯಲ್ಲೇ ಆಗುತ್ತದೆ. ಆಪರೇಷನ್ ಮಾತ್ರ ಕೈಯದ್ದೇ ಕೆಲಸ ಮಾಡಿ ಪಳಗಿದವರ ಹತ್ತಿರ ಮಾಡಿಸಿ. ಅದಕ್ಕೆ ಮೈಸೂರೋ ಮಂಗಳೂರೋ ಹೋಗಬೇಕಾಗಬಹುದು.

ಇನ್ನು ನಿಜವಾದ ಕೆಲಸ. ಕತ್ತರಿಸುವ ಮೊದಲು ಆ ನರಗಳ ಹತ್ತಿರ ಮರಗಟ್ಟುವ ಸೂಜಿ ಹಾಕಿ ನೋಡುತ್ತಾರೆ. ಮರಗಟ್ಟಿದಾಗ ನೋವು ಹೋದರೆ, ಕತ್ತರಿಸಿದರೂ ಹೋಗುವ ಸಾಧ್ಯತೆ ಇದೆ ಅಂತ ಲೆಕ್ಕ. ಇಲ್ಲೇ ನಾವು ಎಡವಿದ್ದು. ಸೂಜಿ ಹಾಕಿಸಿಕೊಂಡು ನೇರ ಬಸ್ ಹತ್ತಿದೆವು, ದಾರಿಯುದ್ದಕ್ಕೂ ಅತ್ತೆ ಕೈಯನ್ನು ಮಡಿಲಲ್ಲಿಟ್ಟು ನಿದ್ದೆ ಹೊಡೆದರು, ಮಡಿಕೇರಿ ಬರುವಷ್ಟರಲ್ಲಿ ಮರಗಟ್ಟಿದ್ದು ಇಳಿದೇ ಹೋಗಿತ್ತು. ಸುಮ್ನೆ ಕೂತ ಕೈ ಸೂಜಿ ಇಲ್ಲದಿದ್ದರೂ ನೋಯಲ್ಲ, ಅಲ್ವಾ?

ಎರಡನೇ ಸಲ ಚೀಲದಲ್ಲಿ ಸಾಮಾನು ಒಯ್ದೆವು. ಕಪಾತಿನ ಕತ್ತರಿ, ಬೆರಳು ದಪ್ಪದ ಕಾಫಿ ರೆಂಬೆ ನಾಲ್ಕು, ಬಿಗಿ ಮುಚ್ಚಳದ ಉಪ್ಪಿನಕಾಯಿ ಬಾಟಲಿ. ಸೂಜಿಗೆ ಮೊದಲು ಒಂದೊಂದನ್ನೂ ಮಾಡಿ ನೋವಿಗೆ ಹತ್ತರಲ್ಲಿ ಎಷ್ಟು ಅಂತ ಬರೆದುಕೊಂಡೆವು. ಸೂಜಿ ಆದ ಮೇಲೆ ಆಸ್ಪತ್ರೆ ಹೊರಗಿನ ಕಲ್ಲುಬೆಂಚಿನ ಮೇಲೆ ಅದನ್ನೇ ಮತ್ತೆ. ಎಂಟಿದ್ದದ್ದು ಎರಡಕ್ಕೆ ಇಳಿಯಿತು, ಅತ್ತೆ ರೆಂಬೆ ಕತ್ತರಿಸುತ್ತಲೇ ಇದ್ದರು, ಸೆಕ್ಯುರಿಟಿಯವರು ಬಂದು ನಿಂತು ನೋಡಿದರು. ಈ ಚೀಟಿಯನ್ನೇ ಡಾಕ್ಟರಿಗೆ ತೋರಿಸಿ. ನೋವು ಅಷ್ಟೇನೂ ಇಳಿಯದಿದ್ದರೆ ಆಪರೇಷನ್‌ಗೆ ಒಪ್ಪಬೇಡಿ.

ರಾತ್ರಿ ಹೊತ್ತು ಬೆರಳು ಜುಮ್ಮೆಂದು ಎಚ್ಚರ ಆಗ್ತಿದ್ದರೆ ಅದನ್ನೂ ಹೇಳಿ. ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಕಾರ್ಪಲ್ ಟನಲ್ ಇರಬಹುದು. ಅಲ್ಲಿ ನರ ಕತ್ತರಿಸುವುದಿಲ್ಲ, ಅದರ ಮೇಲಿನ ಬಿಗಿಯನ್ನು ಸಡಿಲಿಸುತ್ತಾರೆ. ಊರಲ್ಲಿ ಎರಡಕ್ಕೂ "ನರದ ಆಪರೇಷನ್" ಅಂತಲೇ ಹೇಳಿಬಿಡುತ್ತಾರೆ.

ದಿನ ಆರಿಸುವಾಗ ಕೊಯ್ಲು, ಕರಿಮೆಣಸು ಎರಡೂ ಮುಗಿದಿರಲಿ. ಜಡಿಮಳೆಯಲ್ಲಿ ಬ್ಯಾಂಡೇಜ್ ಒಣಗಿಸಿಟ್ಟುಕೊಳ್ಳೋದು ಬೇರೆ ತಲೆನೋವು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ, ನೀವಾಗಿ ನಿಲ್ಲಿಸಬೇಡಿ. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಕೈಯನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು, ಡಾಕ್ಟರು ಹೇಳಿದಷ್ಟು ಬೆರಳು ಆಡಿಸುತ್ತಿರಿ. ಹೊಲಿಗೆ ಹತ್ತು ಹದಿನಾಲ್ಕು ದಿನಕ್ಕೆ ಬಿಚ್ಚುತ್ತಾರೆ. ಗಾಯದ ಸುತ್ತ ಚರ್ಮ ಜೋಮು ಹಿಡಿದಂತಿರಬಹುದು. ಕೀವು, ಜ್ವರ, ಏರುತ್ತಿರುವ ಊತ ಕಂಡರೆ ಕಾಯಬೇಡಿ.

ಕೆಲವರಿಗೆ ನೋವು ಪೂರ್ತಿ ಹೋಗುವುದಿಲ್ಲ, ಕೆಲವರಿಗೆ ವರ್ಷಗಳ ಮೇಲೆ ಮರಳುತ್ತದೆ. ಕೀಲನ್ನು ತೆಗೆದಿರುವುದಿಲ್ಲವಾದ್ದರಿಂದ ಆಗ ಮೂಳೆ ತೆಗೆಯುವ ಅಥವಾ ಕೀಲಿನ ಮೂಳೆಗಳನ್ನು ಒಂದಕ್ಕೊಂದು ಬೆಸೆಯುವ ಆಪರೇಷನ್‌ಗೆ ದಾರಿ ತೆರೆದೇ ಇರುತ್ತದೆ.