ಕತ್ತು ತಿರುಚಿದ ಕೋಳಿಯ ಮಿದುಳಿನ ಮಾದರಿ: ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯಲ್ಲಿ ಪಶುವೈದ್ಯನಾಗಿರುವ ನಾನು, ಕೊಕ್ಕರೆ ರೋಗದ (ಕೋಳಿಗಳಿಗೆ ವೈರಸ್ಸಿನಿಂದ ಬರುವ ರಾಣಿಖೇತ್ ರೋಗ) ಶಂಕೆಯಿದ್ದಾಗ ಗುಲ್ಮ, ಕರುಳುಗಳ ಜೊತೆಗೆ ಮಿದುಳನ್ನೂ ಬೇರೆ ಸೀಸೆಯಲ್ಲಿ ಪ್ರಯೋಗಾಲಯಕ್ಕೆ ಕಳುಹಿಸುತ್ತೇನೆ. ಹುನಗುಂದದ ಕಡೆ ಒಬ್ಬ ತಾಯಿ ತಮ್ಮ ಜವಾರಿ ಹುಂಜವನ್ನು ತೋರಿಸಿ, “ಕಾಳು ಕಾಣತಾವ್ರೀ ಡಾಕ್ಟ್ರ, ಆದ್ರ ಕುಕ್ಕಾಕ ಬರವಲ್ದು” ಎಂದರು. ಕೊಕ್ಕು ಚಾಚಿದಾಗಲೆಲ್ಲ ಅದರ ಕತ್ತು ಬೆನ್ನಿನತ್ತ ತಿರುಚಿಕೊಳ್ಳುತ್ತಿತ್ತು. ಇಂಥ ಹಕ್ಕಿಯ ಕರುಳಿನಲ್ಲಿ ರಕ್ತಸ್ರಾವ ಕಾಣದೆಯೂ ಇರಬಹುದು.

ಈ ರೋಗದ ವೈರಸ್ಸಿನ ಮೇಲ್ಮೈಯಲ್ಲಿರುವ ಎಫ್ ಎಂಬ ಪ್ರೋಟೀನ್ ಎರಡಾಗಿ ಸೀಳಿದ ಮೇಲಷ್ಟೇ ವೈರಸ್ ಜೀವಕೋಶದೊಳಗೆ ಹೋಗಬಲ್ಲದು. ಲಸಿಕೆಗೆ ಬಳಸುವ ಲಸೋಟಾದಂಥ ಸೌಮ್ಯ ತಳಿಯಲ್ಲಿ ಆ ಸೀಳನ್ನು ಮಾಡುವ ಟ್ರಿಪ್ಸಿನ್ ಬಗೆಯ ಕಿಣ್ವಗಳು ಮುಖ್ಯವಾಗಿ ಉಸಿರಾಟದ ನಾಳ ಮತ್ತು ಕರುಳಿನಲ್ಲಿರುವುದರಿಂದ ಸೋಂಕು ಅಲ್ಲಿಯೇ ನಿಲ್ಲುತ್ತದೆ. ಉಗ್ರ ತಳಿಯಲ್ಲಾದರೋ ಈ ಪ್ರೋಟೀನು ಸೀಳುವ ಜಾಗದಲ್ಲಿ, ಅಂದರೆ ಸೀಳುತಾಣದಲ್ಲಿ, ಅಮೈನೋ ಆಮ್ಲಗಳ ಸಾಲಿನ 113ರಿಂದ 116ನೆಯ ಸ್ಥಾನಗಳಲ್ಲಿ ಕನಿಷ್ಠ ಮೂರು ಅರ್ಜಿನೈನ್ ಅಥವಾ ಲೈಸಿನ್, 117ರಲ್ಲಿ ಲ್ಯೂಸಿನ್ ಬದಲು ಫಿನೈಲ್‌ಅಲನೈನ್ ಇರುತ್ತವೆ. ಮೈಯೆಲ್ಲ ಹರಡಿರುವ ಫ್ಯೂರಿನ್ ಕಿಣ್ವವೇ ಅದನ್ನು ಸೀಳುವುದರಿಂದ ಮಿದುಳೂ ಅದಕ್ಕೆ ತೆರೆದ ಬಾಗಿಲಾಗುತ್ತದೆ. ಆದರೂ ಸೀಳುತಾಣವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. 1999ರಲ್ಲಿ ಲಸೋಟಾದ ಸೀಳುತಾಣವನ್ನು ಉಗ್ರ ಬಗೆಗೆ ಬದಲಿಸಿದಾಗ, ಒಂದು ದಿನದ ಮರಿಗಳ ಮಿದುಳಿಗೆ ಚುಚ್ಚಿ ಅಳೆಯುವ ರೋಗಕಾರಕ ಸೂಚ್ಯಂಕ ಸೊನ್ನೆಯಿಂದ 1.28ಕ್ಕೆ ಏರಿತೇ ಹೊರತು ಗರಿಷ್ಠವಾದ 2.0ನ್ನು ಮುಟ್ಟಲಿಲ್ಲ. ಜೀವಕೋಶಕ್ಕೆ ಅಂಟಿಕೊಳ್ಳುವ ಎಚ್‌ಎನ್ ಪ್ರೋಟೀನನ್ನು ತಳಿಗಳ ನಡುವೆ ಅದಲುಬದಲು ಮಾಡಿದಾಗಲೂ ವೈರಸ್ ನೆಲೆಸುವ ಅಂಗಾಂಶ ಬದಲಾಗಿದೆ.

ಕರುಳಿನಲ್ಲಿ ಸೌಮ್ಯ ತಳಿಯೂ ಇರಬಹುದಾದ್ದರಿಂದ, ಅದು ತಾಗದಂತೆ ಮಿದುಳಿನ ಮಾದರಿ ಶುದ್ಧವಾಗಿರಬೇಕೆಂಬ ಹಟ ನನ್ನದು. ಒಮ್ಮೆಲೇ ಬಹಳ ಹಕ್ಕಿಗಳು ಸತ್ತಿದ್ದರೆ ಹಕ್ಕಿಜ್ವರವೂ ಇರಬಹುದೆಂದು ಅಲ್ಲಿ ಕೊಯ್ಯದೆ ಇಲಾಖೆಗೆ ತಿಳಿಸುತ್ತೇನೆ. ಅದರ ದೃಢೀಕರಣ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದ್ದು. ಉಳಿದಂತೆ, ಹೊಟ್ಟೆಗೆ ಕತ್ತರಿ ತಾಗಿಸುವ ಮೊದಲೇ ತಲೆಯ ಚರ್ಮ ಸುಲಿದು, ಸ್ಪಿರಿಟ್‌ನಿಂದ ಒರೆಸಿ, ಬೆಂಕಿಗೆ ಹಿಡಿದು ಆರಿಸಿದ ಕತ್ತರಿಯಿಂದ ತಲೆಬುರುಡೆಯನ್ನು ಹಿಂಬದಿಯಿಂದ ಸುತ್ತ ಕತ್ತರಿಸಿ ಎತ್ತುತ್ತೇನೆ. ಮಿದುಳಿನ ಅರ್ಧಭಾಗ ವೈರಸ್ ಸಾಗಣೆ ದ್ರಾವಣದಲ್ಲಿ ಐಸ್ ಪೆಟ್ಟಿಗೆಗೆ, ಇನ್ನರ್ಧ ಶೇ. 10ರ ಫಾರ್ಮಲಿನ್‌ಗೆ, ಫಾರ್ಮಲಿನ್ ಸೀಸೆಯನ್ನು ಹೆಪ್ಪುಗಟ್ಟಲು ಬಿಡಬಾರದು.

ಮಾದರಿಯ ಚೀಟಿಯಲ್ಲಿ ಲಸಿಕೆಯ ಹೆಸರು, ಹಾಕಿದ ದಿನಾಂಕಗಳನ್ನೂ ಬರೆಯುತ್ತೇನೆ. ಇದೇ ರೋಗಕ್ಕೆ ಹಾಕುವ ಆರ್‌2ಬಿ ಎಂಬ ಜೀವಂತ ಲಸಿಕೆಯ ತಳಿಗೂ ಉಗ್ರ ಬಗೆಯದೇ ಸೀಳುತಾಣವಿರುವುದರಿಂದ, ಆ ಮಾಹಿತಿಯಿಲ್ಲದೆ ಬರುವ ಫಲಿತಾಂಶ ದಾರಿ ತಪ್ಪಿಸಬಲ್ಲದು.