ಬೆಂಗಳೂರಿನಲ್ಲಿ ಹಾರ್ನ್ ಹೊಡೆಯುವುದು ಯಾವಾಗ, ಎಷ್ಟು, ಹೇಗೆ

ಹಾರ್ನ್ ಹೊಡೆಯಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಈ ಊರಿನಲ್ಲಿ ಹಾರ್ನ್ ಮುಟ್ಟದೆ ಕಾರು ಓಡಿಸುತ್ತೇನೆ ಅನ್ನುವವರು ಒಂದೋ ಭಾನುವಾರ ಬೆಳಗ್ಗೆ ಆರಕ್ಕೆ ಮಾತ್ರ ಗಾಡಿ ತೆಗೆಯುವವರು, ಇಲ್ಲ ಸುಳ್ಳು ಹೇಳುವವರು. ಹೊಡೆಯಿರಿ. ಆದರೆ ಕೈ ಹಾರ್ನ್ ಮೇಲೆ ಹೋಗುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಇಲ್ಲಿದ್ದೇನೆ ಅಂತ ಅವರಿಗೆ ಗೊತ್ತಿದೆಯಾ? ಗೊತ್ತಿಲ್ಲ ಅಂದರೆ ಹೊಡೆಯಿರಿ. ಗೊತ್ತಿದ್ದರೆ ಸುಮ್ನಿರಿ.

ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ ನಿಮ್ಮ ಮುಂದೆ ನಿಂತಿರುವ ಕ್ಯಾಬ್ ಡ್ರೈವರ್‌ಗೆ ನೀವು ಹಿಂದೆ ಇರುವುದು ಚೆನ್ನಾಗಿ ಗೊತ್ತು. ಅವನೂ ಮನೆಗೆ ಹೋಗಬೇಕು. ಅವನ ಮುಂದೆ ಜಾಗ ಇಲ್ಲ, ಅಷ್ಟೆ. ಆದರೂ ಟೈಮರ್‌ನಲ್ಲಿ ಇನ್ನೂ ನಾಲ್ಕು ಸೆಕೆಂಡ್ ಉಳಿದಿರುವಾಗಲೇ ಹಿಂದಿನಿಂದ ಪೀಂ ಪೀಂ ಶುರುವಾಗುತ್ತದೆ. ನಾನೂ ಹಾಗೇ ಮಾಡುತ್ತಿದ್ದೆ. ಒಮ್ಮೆ ಸೌತ್ ಎಂಡ್ ಸರ್ಕಲ್‌ನಲ್ಲಿ ಹಸಿರು ಬಿದ್ದರೂ ಮುಂದಿನ ಕಾರು ಕದಲಲಿಲ್ಲ ಅಂತ ಉದ್ದಕ್ಕೆ ಒತ್ತಿ ಹಿಡಿದುಬಿಟ್ಟೆ. ಆ ಮನುಷ್ಯ ಕೈ ಹೊರಗೆ ಹಾಕಿ ಮುಂದೆ ತೋರಿಸಿದ. ಹೂವಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬರು ಇನ್ನೂ ಅರ್ಧ ರಸ್ತೆಯಲ್ಲಿದ್ದರು, ನನ್ನ ಹಾರ್ನ್‌ಗೆ ಬೆದರಿ ಅಲ್ಲೇ ನಿಂತುಬಿಟ್ಟಿದ್ದರು. ಅವತ್ತಿನಿಂದ ನನ್ನ ಲೆಕ್ಕ ಹೀಗೆ: ಹಸಿರು ಬಿದ್ದ ಮೇಲೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುವುದು. ಆಗಲೂ ಮುಂದಿನವನು ಮೊಬೈಲ್ ನೋಡುತ್ತಾ ಕೂತಿದ್ದರೆ ಒಂದು ಚಿಕ್ಕ ಪೀಂ. ಸಾಕು.

ಈ ಚಿಕ್ಕ ಪೀಂ ಹೊಡೆಯುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಕಾರಿನ ಹಾರ್ನ್ ಸ್ವಿಚ್ ಇದ್ದ ಹಾಗೆ, ಆನ್ ಇಲ್ಲವೇ ಆಫ್. ಜೋರಾಗಿ ಒತ್ತಿದರೆ ಜೋರಾಗಿ ಕೇಳುವುದಿಲ್ಲ, ಮೆಲ್ಲಗೆ ಒತ್ತಿದರೆ ಮೆಲ್ಲಗೂ ಕೇಳುವುದಿಲ್ಲ. ನಿಮ್ಮ ಕೈಯಲ್ಲಿರುವುದು ಎಷ್ಟು ಹೊತ್ತು ಅನ್ನುವುದು ಮಾತ್ರ. ಸಿಟ್ಟು ಬಂದಾಗ ಅಂಗೈಯಿಂದ ಗುದ್ದುತ್ತೇವಲ್ಲ, ಆಗ ಕೈ ಎತ್ತುವುದು ನಿಧಾನವಾಗಿ ಶಬ್ದ ಉದ್ದವಾಗುತ್ತದೆ. ಹೆಬ್ಬೆರಳಿನಿಂದ ತಟ್ಟಿ ತಕ್ಷಣ ಬಿಡಿ. ಬೇರೆಯವರ ಕಾರು ಓಡಿಸುವಾಗಂತೂ ಹೊರಡುವ ಮುಂಚೆ ಹಾರ್ನ್ ಎಲ್ಲಿದೆ ಅಂತ ಕೈಯಿಂದ ಹುಡುಕಿಕೊಳ್ಳಿ. ಹಳೆಯ ಲೋಗನ್ ಕಾರಿನಲ್ಲಿ ಅದು ಸ್ಟೀರಿಂಗ್ ಮಧ್ಯೆ ಇರಲೇ ಇಲ್ಲ, ಪಕ್ಕದ ಇಂಡಿಕೇಟರ್ ಕಡ್ಡಿಯ ತುದಿಯಲ್ಲಿತ್ತು.

ಹೊಡೆಯಲೇಬೇಕಾದ ಜಾಗಗಳೂ ಇವೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಿಂದ ಮೇಲೆ ಬರುವ ರ‍್ಯಾಂಪ್ ತಿರುವು. ಬಸವನಗುಡಿ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳ ಕ್ರಾಸ್‌ಗಳು, ಅಲ್ಲಿ ಕಾಂಪೌಂಡ್ ಗೋಡೆ, ಮರ, ಪಾರ್ಕ್ ಮಾಡಿದ ಗಾಡಿ ಎಲ್ಲ ಸೇರಿ ಪಕ್ಕದಿಂದ ಬರುವವರನ್ನು ಪೂರ್ತಿ ಮರೆ ಮಾಡಿರುತ್ತವೆ. ಸ್ಟಾಪಿನಲ್ಲಿ ನಿಂತ ಬಿಎಂಟಿಸಿ ಬಸ್ ದಾಟುವಾಗ, ಏಕೆಂದರೆ ಇಳಿದವರು ಬಸ್ಸಿನ ಮುಂದಿನಿಂದಲೇ ರಸ್ತೆಗೆ ಬಂದುಬಿಡುತ್ತಾರೆ. ನಿಮ್ಮ ಕಡೆಗೇ ರಿವರ್ಸ್ ಬರುತ್ತಿರುವ ಗೂಡ್ಸ್ ಆಟೋ. ನಂದಿ ಬೆಟ್ಟದ ತಿರುವುಗಳು, ಅದರಲ್ಲೂ ಸೂರ್ಯೋದಯಕ್ಕೆ ಓಡುವವರ ಗಾಡಿಗಳು ಮಂಜಿನಲ್ಲಿ ಎದುರಾಗುವಾಗ. ಎಲೆಕ್ಟ್ರಿಕ್ ಕಾರಿನವರಿಗಂತೂ ಗಲ್ಲಿಗಳಲ್ಲಿ ಇದು ಜಾಸ್ತಿ ಬೇಕು, ಇಂಜಿನ್ ಸದ್ದೇ ಇಲ್ಲದೆ ನೀವು ಹಿಂದೆ ಬಂದಿದ್ದು ಯಾರಿಗೂ ತಿಳಿಯುವುದಿಲ್ಲ.

ದೊಡ್ಡ ಬಸ್ಸು, ಲಾರಿ ಓವರ್‌ಟೇಕ್ ಮಾಡುವಾಗ ಅವರ ಕನ್ನಡಿ ನೋಡಿ. ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ಅವರಿಗೂ ನೀವು ಕಾಣುವುದಿಲ್ಲ. ಅಲ್ಲಿ ಒಂದು ಹಾರ್ನ್, ರಾತ್ರಿಯಾದರೆ ಹಾರ್ನ್ ಬದಲು ಒಂದು ಡಿಪ್ಪರ್ (ಹೆಡ್‌ಲೈಟ್ ಒಮ್ಮೆ ಮಿನುಗಿಸುವುದು), ಆಮೇಲೆ ಬಲಗಡೆಯಿಂದ ಬೇಗ ದಾಟಿ. ಅವರ ಪಕ್ಕದಲ್ಲೇ ಉಳಿದುಕೊಂಡು ಹೊಡೆಯುತ್ತಾ ಹೋಗಬೇಡಿ.

ಬೈಕ್, ಸ್ಕೂಟರ್‌ನವರ ಬೆನ್ನ ಹಿಂದೆಯೇ ಹೋಗಿ ಹೊಡೆಯುವುದು ಮಾತ್ರ ನಿಜವಾಗಿಯೂ ಅಪಾಯ. ನಮ್ಮ ರಸ್ತೆಗಳ ಗುಂಡಿ ತಪ್ಪಿಸಲು ಅವರು ಯಾವಾಗ ಎತ್ತ ತಿರುಗುತ್ತಾರೋ ಗೊತ್ತಿಲ್ಲ, ಅದರ ಮೇಲೆ ನೀವು ಬೆಚ್ಚಿಬೀಳಿಸಿದರೆ ಅಷ್ಟೇ ಕಥೆ. ಸ್ವಲ್ಪ ದೂರ ಇರುವಾಗಲೇ ಹೊಡೆಯಿರಿ. ನಡೆದು ಹೋಗುವವರಿಗೂ ಹಾಗೇ. ಹಸುವಿಗೆ ಹೊಡೆದರೆ ಪ್ರಯೋಜನವಿಲ್ಲ, ಅದು ನಿಮ್ಮನ್ನು ಒಮ್ಮೆ ನೋಡಿ ಮತ್ತೆ ಮೆಲುಕು ಹಾಕುತ್ತದೆ.

ಇನ್ನೊಂದು ಮಾತು, ಯಾರಾದರೂ ಅಡ್ಡ ಬಂದಾಗ ಬ್ರೇಕ್ ಮೊದಲು, ಹಾರ್ನ್ ಆಮೇಲೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಪೂಂ ಅಂತ ಹೊಡೆದು, ಅವರು ಸರಿಯುತ್ತಾರಾ ಅಂತ ನೋಡಿ, ಆಮೇಲೆ ಬ್ರೇಕ್ ಒತ್ತುವಷ್ಟರಲ್ಲಿ ಎರಡು ಮೂರು ಕಾರಿನ ಉದ್ದ ಮುಗಿದೇ ಹೋಗಿರುತ್ತದೆ.

ಕಾನೂನು ಏನು ಹೇಳುತ್ತದೆ ಅಂತ ಕೇಳುವವರಿಗೆ: ಆಸ್ಪತ್ರೆ, ಶಾಲೆ ಕಾಲೇಜು, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆಗಳು ಅಕ್ಕಪಕ್ಕದಲ್ಲೇ ಇವೆ, ಆ ರಸ್ತೆಯಲ್ಲಿ ಹೋಗುವಾಗ ಕಿಟಕಿಯ ಆ ಕಡೆ ಯಾರು ಮಲಗಿದ್ದಾರೆ ಅಂತ ಒಂದು ಸಲ ಯೋಚಿಸಿ. ಮನೆಗಳಿರುವ ಕಡೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ತುರ್ತು ಇದ್ದರೆ ಬಿಟ್ಟು, ಹಾರ್ನ್ ಹೊಡೆಯುವಂತಿಲ್ಲ. ಅಂದರೆ ರಾತ್ರಿ ಹನ್ನೊಂದಕ್ಕೆ ಗೇಟಿನ ಮುಂದೆ ನಿಂತು ಸೆಕ್ಯೂರಿಟಿಯವರನ್ನು ಎಬ್ಬಿಸುವುದೂ ತಪ್ಪೇ! ಫೋನ್ ಇದೆಯಲ್ಲ, ಕರೆ ಮಾಡಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಎಫ್ ಸೆಕ್ಷನ್ ಪ್ರಕಾರ ಸುಮ್ನೆ ಸುಮ್ನೆ ಹೊಡೆದರೆ ಮೊದಲ ಸಲ 1000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 2000. ಬೇರೆ ಬೇರೆ ರಾಗ ಬರುವ ಹಾರ್ನ್ ಹಾಕಿಸುವುದಕ್ಕೂ ಅವಕಾಶ ಇಲ್ಲ, ಅಂಗಡಿಯವನು ಏನೇ ಹೇಳಲಿ.

ಆಂಬ್ಯುಲೆನ್ಸ್ ಹಿಂದೆ ಬಂದರೆ ಎಲ್ಲರೂ ಹಾರ್ನ್ ಒತ್ತುತ್ತಾರೆ, ಅದರಿಂದ ಸೈರನ್ನೇ ಕೇಳಿಸದ ಹಾಗಾಗುತ್ತದೆ. ಎಡಕ್ಕೆ ಇಂಡಿಕೇಟರ್ ಹಾಕಿ ಸರಿಯಿರಿ. ಮುಂದಿನವರಿಗೆ ಸೈರನ್ ಕೇಳಿಸಿಲ್ಲ ಅನ್ನಿಸಿದರೆ ಆಗ ಎರಡು ಚಿಕ್ಕ ಹಾರ್ನ್, ಇದು ನ್ಯಾಯವಾದದ್ದು. ದಾರಿ ಬಿಡದಿದ್ದರೆ ಕಾಯ್ದೆಯಲ್ಲಿ 10,000 ರೂಪಾಯಿ ದಂಡ ಇದೆ.

ನಿಮಗೇ ಹಿಂದಿನವರು ಹೊಡೆಯುತ್ತಿದ್ದರೆ ಏನು ಮಾಡಬೇಕು? ತಿರುಗಿ ಹೊಡೆಯಬೇಡಿ, ಅದು ಮುಂದಿನವರಿಗೆ ಕೇಳುತ್ತದೆ, ಅವರು ಅವರ ಮುಂದಿನವರಿಗೆ ಹೊಡೆಯುತ್ತಾರೆ. ಮೊದಲು ಕನ್ನಡಿ ನೋಡಿ, ನಿಮ್ಮ ಡಿಕ್ಕಿ ತೆರೆದಿದೆ, ದುಪಟ್ಟಾ ಬಾಗಿಲಿಗೆ ಸಿಕ್ಕಿದೆ ಅಂತ ಹೇಳುತ್ತಿರಲೂಬಹುದು. ಏನೂ ಇಲ್ಲದಿದ್ದರೆ ಸೌತ್ ಎಂಡ್ ಸರ್ಕಲ್‌ನ ಆ ಮನುಷ್ಯನ ಹಾಗೆ ಕೈ ಹೊರಗೆ ಹಾಕಿ ಮುಂದೆ ತೋರಿಸಿ. ಹತ್ತರಲ್ಲಿ ಏಳೆಂಟು ಜನ ನಿಲ್ಲಿಸುತ್ತಾರೆ. ಉಳಿದವರಿಗೆ ಗಾಜು ಏರಿಸಿಕೊಳ್ಳಿ.